ಸೀಸೆಯಕ್ಕನ ಹೊಳೆಯುವ ಶರಬತ್ತು

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಗಾಜಿನ ಸಾಮಾನು ತೊಳೆದವಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸೀಸೆಯಕ್ಕ. ಆ ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಮನೆಯ ಒಂದು ತಮಾಷೆಯ ಬಗ್ಗೆ. ಮದುವೆಯಾಗದ ಅವಳು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಒಂದು ಲೋಟ ಚಹಾ ಮಾಡಿ ತಂದರೂ ಅತ್ತಿಗೆ ಮೂಸಿ ನೋಡಿ, "ಆಸಿಡ್ ಗೀಸಿಡ್ ಬಿದ್ದಿಲ್ಲ ತಾನೇ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಚಹಾ ಆರಿ ಅಲ್ಲೇ ಕೆನೆಗಟ್ಟುತ್ತಿತ್ತು. ಅಡುಗೆಮನೆಯಲ್ಲಿ ಲ್ಯಾಬಿನ ಮಾತೆತ್ತಕೂಡದು ಎಂಬುದೂ ಅತ್ತಿಗೆಯ ಕಟ್ಟಪ್ಪಣೆ. ತಾನು ಮಾಡಿದ್ದನ್ನು ಈ ಮನೆಯವರು ಒಮ್ಮೆಯಾದರೂ ಹೆದರದೆ ಕುಡಿಯಬೇಕೆಂಬ ಆಸೆ ಅವಳಿಗೆ ಒಳಗೊಳಗೇ ಇತ್ತು.

ಅಣ್ಣನ ಮಗಳಿಗೆ ಹನ್ನೊಂದು ತುಂಬುವುದರಲ್ಲಿತ್ತು.

"ಅತ್ತೇ, ನನ್ನ ಪಾರ್ಟಿಗೆ ಯಾರ ಮನೇಲೂ ಇಲ್ಲದ್ದು ಏನಾದ್ರೂ ಮಾಡ್ತೀಯಾ?"

"ಕತ್ತಲಲ್ಲಿ ಹೊಳೆಯೋ ಶರಬತ್ತು ಕುಡೀತೀರಾ?"

"ನಿಜವಾಗ್ಲೂ? ಹೊಟ್ಟೇಲೂ ಹೊಳೆಯುತ್ತಾ?"

"ಹೊಟ್ಟೆಯೊಳಗೆ ದೀಪ ಹಿಡ್ಕೊಂಡು ಹೋಗೋರು ಯಾರೇ?"

ಅಂಗಡಿಯಲ್ಲಿ ಸಿಗುವ ಟಾನಿಕ್ ವಾಟರ್ ಎಂಬ ಕಹಿ ಸೋಡಾದಲ್ಲಿ ಮಲೇರಿಯಾ ಮದ್ದಾದ ಕ್ವಿನೈನ್ ತುಸು ಇರುತ್ತದೆ. ನೇರಳಾತೀತ ಕಿರಣ ಸೂಸುವ ನೇರಳೆ ದೀಪದ ಕೆಳಗೆ ಅದು ತಿಳಿನೀಲಿಯಾಗಿ ಹೊಳೆಯುತ್ತದೆ. ಸೀಸೆಯಕ್ಕ ಒಂದು ನೇರಳೆ ಟ್ಯೂಬ್ ಕೊಂಡು ತಂದಳು. ಬಚ್ಚಲುಮನೆಯ ಕಿಟಕಿಗೆ ಟವೆಲ್ ಸಿಕ್ಕಿಸಿ ಎರಡು ವಾರ ಅಳೆದಳು: ಇಷ್ಟು ಸೋಡಾಕ್ಕೆ ಇಷ್ಟು ಸಕ್ಕರೆ ಪಾಕ, ಇಷ್ಟು ನಿಂಬೆರಸ. ಪ್ರತಿ ಸಲವೂ ಮೊದಲು ತಾನೇ ಕುಡಿದಳು. "ಬಚ್ಚಲಲ್ಲಿ ಏನು ಭಟ್ಟಿ ಇಳಿಸ್ತಿದ್ದೀಯೇ?" ಎಂದು ಅಣ್ಣ ಬಾಗಿಲು ಬಡಿಯುತ್ತಿದ್ದ.

ಪಾರ್ಟಿಯ ಸಂಜೆ ನಾಲ್ಕು ಬಾಟಲಿ ಸೋಡಾ ಬೆರೆಸಿ, ದೊಡ್ಡ ಜಗ್ಗನ್ನು ಫ್ರಿಜ್ಜಿನಲ್ಲಿಟ್ಟು, ಅವಳು ನಡುಮನೆಯ ಕಿಟಕಿಗಳಿಗೆ ಕಂಬಳಿ ಕಟ್ಟಲು ಹೋದಳು. ಹತ್ತು ಹುಡುಗಿಯರು ಬಂದರು. ಜಗ್ಗನ್ನು ಮೇಜಿನ ಮೇಲೆ ತಂದಿಟ್ಟು ದೀಪ ಆರಿಸಿ ನೇರಳೆ ಟ್ಯೂಬ್ ಹಾಕಿದಳು. ಹುಡುಗಿಯರ ಹಲ್ಲು ಹೊಳೆಯಿತು. ಬಿಳಿ ಅಂಗಿಗಳು ಹೊಳೆದವು. ಜಗ್ಗು ಮಾತ್ರ ಮಂಕು ಹಿಡಿದು ಕೂತಿತ್ತು.

"ಶರಬತ್ತಿಗಿಂತ ಅಂಕಲ್ ಬನಿಯನ್ನೇ ಜಾಸ್ತಿ ಹೊಳೀತಿದೆ!" ಎಂದು ಬಾಗಿಲಲ್ಲಿ ನಿಂತಿದ್ದ ಅಣ್ಣನನ್ನು ತೋರಿಸಿ ಯಾರೋ ಕಿರುಚಿದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಣ್ಣನ ಮಗಳು ಮಾತ್ರ ನಗಲಿಲ್ಲ.

ಸೀಸೆಯಕ್ಕ ಚಮಚದಲ್ಲಿ ಒಂದಿಷ್ಟು ನಾಲಿಗೆಗೆ ಹಾಕಿಕೊಂಡಳು.

"ಅತ್ತಿಗೆ, ಇದಕ್ಕೆ ಉಪ್ಪು ಹಾಕಿದ್ರಾ?"

"ಹಾಕದೆ ಇನ್ನೇನು? ಬಾಯಿಗಿಟ್ರೆ ಒಳ್ಳೇ ಔಷಧಿ ಕುಡಿದ ಹಾಗಿತ್ತು. ನಿಂಬೆಹಣ್ಣು ಹಿಂಡಿದ ಮೇಲೆ ಉಪ್ಪಿಲ್ಲದೆ ಆಗುತ್ತಾ? ಮಕ್ಕಳು ಉಗಿದ್ರೆ ಮಾನ ಹೋಗೋದು ನಂದೇ ಅಲ್ವೇ, ತಾಯಿ?"

ತಪ್ಪು ತನ್ನದೇ ಎಂದು ಸೀಸೆಯಕ್ಕನಿಗೆ ಗೊತ್ತಿತ್ತು. ಉಪ್ಪು ಬಿದ್ದರೆ ಕ್ವಿನೈನಿನ ಬೆಳಕು ಅಡಗುತ್ತದೆ. ಅದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಪ್ರತಿ ವರ್ಷ ಉಪ್ಪುನೀರು ಅಳೆದಿಡುತ್ತಿದ್ದವಳು ಅವಳೇ. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆದರೆ ಅವಳ ಮನಸ್ಸು ಹಿಡಿದು ನಿಂತದ್ದು ಇನ್ನೊಂದು ಸಂಗತಿ: ಅತ್ತಿಗೆ ಅದನ್ನು ಬಾಯಿಗಿಟ್ಟು ನೋಡಿದ್ದಳು.

ಜಗ್ಗಿನಲ್ಲಿ ಹಿಡಿಸದೆ ಐದನೆಯ ಬಾಟಲಿ ಸೋಡಾ ಉಳಿದಿತ್ತು. ಅದನ್ನು ತಂದು, ಪಾಕ ಬೆರೆಸಿ, ಎರಡು ಲೋಟಕ್ಕೆ ಸುರಿದಳು. ಎರಡೂ ನೀಲಿಯಾಗಿ ಉರಿದವು. ಹುಡುಗಿಯರು ಮೇಜಿಗೆ ಮುಗಿಬಿದ್ದರು. ಅವಳು ಒಂದು ಲೋಟಕ್ಕೆ ಉಪ್ಪು ಹಾಕಿ ಕಲಕಿದಳು. ನೀಲಿ ಕರಗುತ್ತಾ ಬಂತು.

"ಅಯ್ಯೋ, ಸತ್ತೇ ಹೋಯ್ತು! ಆಂಟಿ, ನಾನು ಸಾಯಿಸ್ತೀನಿ, ನಂಗೆ ಕೊಡಿ!"

"ಸಾಯಿಸೋರಿಗೆ ಜಗ್ಗಿನಲ್ಲಿದೆ, ಆಗಲೇ ಸತ್ತಿದೆ. ಇದು ಕುಡಿಯೋರಿಗೆ."

ಉಳಿದದ್ದನ್ನು ಎಲ್ಲರಿಗೂ ಗುಟುಕು ಗುಟುಕಾಗಿ ಹಂಚಿದಳು. ಅಣ್ಣನ ಮಗಳು ಲೋಟ ಎತ್ತುವಷ್ಟರಲ್ಲಿ ಅತ್ತಿಗೆ ಅವಳ ಕೈ ಹಿಡಿದಳು.

"ತಡಿ. ಮೊದಲು ನಾನು."

ನೀಲಿ ಲೋಟ ಅತ್ತಿಗೆಯ ತುಟಿಗೇರಿತು. ಸೀಸೆಯಕ್ಕ ನೋಡುತ್ತಾ ನಿಂತಳು. ಅತ್ತಿಗೆ ಮುಖ ಸಿಂಡರಿಸಿ ಮತ್ತೊಂದು ಗುಟುಕು ಕುಡಿದಳು.

"ಇನ್ನೂ ಕಹಿನೇ. ಸಕ್ಕರೆ ಜಾಸ್ತಿ ಮಾಡಿದ್ರೆ ಬೆಳಕು ಹೋಗಲ್ಲ ತಾನೇ?"

"ಇಲ್ಲ ಅತ್ತಿಗೆ."

"ಹಾಗಾದ್ರೆ ಇನ್ನೆರಡು ಚಮಚ ಹಾಕು," ಎಂದು ಅತ್ತಿಗೆ ಲೋಟವನ್ನು ಮಗಳ ಕೈಗೆ ಕೊಟ್ಟಳು.