ಟಾಪಿಲ್ಲದ ಆಟೋ

ಮೊನ್ನೆ ಶಿರಾಳಕೊಪ್ಪದ ಪೆಟ್ರೋಲ್ ಬಂಕಿನಲ್ಲಿ ಸ್ಕೂಟರ್ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ರೈತರೊಬ್ಬರು ಕಳೆ ಕೊಚ್ಚುವ ಯಂತ್ರಕ್ಕೆಂದು ಕ್ಯಾನಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು, ಪಕ್ಕಕ್ಕೆ ಸರಿದು, ಅದಕ್ಕೊಂದಿಷ್ಟು ಆಯಿಲ್ ಬೆರೆಸಿ ಕುಲುಕಿದರು. ಹಿಂದೆ ನಿಂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಆಳವಾಗಿ ಒಂದು ಉಸಿರು ಎಳೆದುಕೊಂಡೆ. ಮಲ್ಲಿಗೆಯ ವಾಸನೆಗೆ, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಗೆ ಮನಸೋಲುವವರ ಬಗ್ಗೆ ನೀವು ಬೇಕಾದಷ್ಟು ಓದಿರುತ್ತೀರಿ. ಆಯಿಲ್ ಬೆರೆಸಿದ ಪೆಟ್ರೋಲಿಗೆ ಸೋಲುವವಳು ನಾನೊಬ್ಬಳೇ ಇರಬೇಕು. ಏನು ಮಾಡುವುದು, ನನ್ನ ಗಂಡನ ಮನೆಯ ವಾಸನೆಯೇ ಅದು.

ನನ್ನ ಮಾವ ಆಯಿಲ್ ಬೆರೆಸಿದ ಪೆಟ್ರೋಲಿನ ಹಳೆಯ ಆಟೋ ಓಡಿಸುತ್ತಿದ್ದರು. ತಾಳಗುಂದದ ಹತ್ತಿರದ ನಮ್ಮೂರಿನಿಂದ ಶಿರಾಳಕೊಪ್ಪಕ್ಕೆ, ಬಾಡಿಗೆ ಸಿಕ್ಕರೆ ಶಿಕಾರಿಪುರಕ್ಕೆ, ಯಾರಾದರೂ ನೆಂಟರನ್ನು ಕಟ್ಟಿಕೊಂಡು ಹೊರಟರೆ ಅಂಬ್ಲಿಗೊಳ ಡ್ಯಾಮಿನವರೆಗೂ. ನನ್ನನ್ನು ನೋಡಲು ಗಂಡಿನ ಕಡೆಯವರು ಸೊರಬ ತಾಲ್ಲೂಕಿನ ಕುಬಟೂರಿಗೆ ಬಂದದ್ದೂ ಅದರಲ್ಲೇ. ಅತ್ತೆ, ಹುಡುಗ, ಹುಡುಗನ ಅಕ್ಕ, ಅವರ ಸೋದರಮಾವ, ಜೊತೆಗೊಂದು ಬಾಳೆಗೊನೆ, ಇಷ್ಟನ್ನೂ ಹೊತ್ತು ಆ ಆಟೋ ನಮ್ಮ ಓಣಿಯ ಏರು ಹತ್ತುವಾಗ ಹುಡುಗನಿಗಿಂತ ಮೊದಲು ನನಗೆ ಕಂಡದ್ದು ಬೇಲಿಯಾಚೆ ಎದ್ದ ನೀಲಿ ಹೊಗೆ. ಅಮ್ಮ ಅಡುಗೆಮನೆಯ ಕಿಟಕಿಯಿಂದ ಇಣುಕಿ, ‘ಎಂತದೇ ಇದು, ಗಂಡಿನ ಕಡೆಯವರು ಬರ್ತಾ ಇದಾರೋ, ಸೊಳ್ಳೆಗೆ ಹೊಗೆ ಹಾಕೋರು ಬರ್ತಾ ಇದಾರೋ’ ಎಂದಿದ್ದಳು. ಆ ದಿನ ಹುಡುಗ ಏನು ಮಾತಾಡಿದ ಎಂಬುದು ನನಗೆ ಅಷ್ಟಾಗಿ ನೆನಪಿಲ್ಲ. ಮಾವ ಕಾಫಿ ಕುಡಿಯುತ್ತ ಕೂತಿದ್ದರೂ ಎರಡು ಸಲ ಎದ್ದುಹೋಗಿ ಆಟೋ ನೆರಳಿನಲ್ಲೇ ಇದೆಯೇ ಎಂದು ನೋಡಿಕೊಂಡು ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಮದುವೆಯಾಗಿ ಕೆಲವು ವರ್ಷಕ್ಕೆ ಮಾವನ ಕಣ್ಣು ಮಂಜಾಗತೊಡಗಿತು. ಪೊರೆ ಇರಬಹುದು, ತೆಗೆಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, ಇದು ಪೊರೆಯಲ್ಲ, ಒಳಗಿನ ನರವೇ ಸೊರಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು. ಅಲ್ಲಿಂದ ಮುಂದೆ ಮಾವನಿಗೆ ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎಂಬುದಷ್ಟೇ ತಿಳಿಯುತ್ತಿತ್ತು. ಬಸ್ಸಿನಲ್ಲಿ ಮನೆಗೆ ಬಂದವರೇ ಆಟೋದ ಕೀಲಿಯನ್ನು ಗೋಡೆಯ ಮೊಳೆಗೆ ಹಾಕಿದರು. ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಹಿತ್ತಲಿನ ಬೇವಿನ ಮರದ ಕೆಳಗೆ ನಿಂತ ಆಟೋದೊಳಗೆ ಮೊದಲು ಎಲೆ ಬಿತ್ತು, ಆಮೇಲೆ ಕೋಳಿಗಳು ಸೇರಿಕೊಂಡವು. ಹಿಂದಿನ ಸೀಟು ಮೊಟ್ಟೆ ಇಡುವುದಕ್ಕೆ ಎಷ್ಟು ಹದವಾಗಿತ್ತೆಂದರೆ ನಾನು ದಿನಾ ಬೆಳಿಗ್ಗೆ ಪ್ಯಾಸೆಂಜರಿನ ಹಾಗೆ ಬಗ್ಗಿ ಒಳಹೊಕ್ಕು ಮೊಟ್ಟೆ ಆರಿಸಿಕೊಂಡು ಬರುತ್ತಿದ್ದೆ.

ಒಂದು ದಿನ ಗುಜರಿಯವನು ಬಂದ. ಮಾವನೇ ಹೇಳಿಕಳಿಸಿದ್ದರಂತೆ. ಅತ್ತೆ ಕುರಿಗಳಿಗೆ ನೀರಿಟ್ಟು ಬರುತ್ತಿದ್ದವರು, ಅವನು ಆಟೋದ ಸುತ್ತ ತಿರುಗಿ ತಗಡು ಬಡಿದು ನೋಡುತ್ತಿದ್ದುದನ್ನು ಕಂಡು ಬಕೆಟ್ ಅಲ್ಲೇ ಇಟ್ಟರು. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಇದು ಮಾರಾಟಕ್ಕಿಲ್ಲ ಎಂದು ಹೇಳಿ ಕಳಿಸಿದರು. ಆಮೇಲೆ ಜಗುಲಿಗೆ ಬಂದು ಮಾವನ ಮುಂದೆ ನಿಂತರು.

‘ಅದನ್ನ ನಾನು ಓಡಿಸ್ತೀನಿ ರೀ,’ ಎಂದರು. ‘ಹೊಲದಿಂದ ಹುಲ್ಲು ಹೊತ್ತು ಹೊತ್ತು ನನ್ನ ಕುತ್ತಿಗಿ ಹೋಗೈತಿ. ಇಷ್ಟು ವರ್ಷ ದಿನಾ ಅದನ್ನ ತೊಳೆದೋಳು ನಾನು. ಒಂದಿನಾನೂ ಮುಂದಿನ ಸೀಟಿಗೆ ಕೂತಿಲ್ಲ.’

ಮಾವ, ‘ಮೊದ್ಲು ಸ್ಟಾರ್ಟ್ ಮಾಡಿ ತೋರ್ಸು. ಆಮೇಲೆ ಓಡ್ಸೋ ಮಾತು’ ಎಂದರು. ಅದು ಒಪ್ಪಿಗೆಯೋ ವ್ಯಂಗ್ಯವೋ ನಮಗೆ ತಿಳಿಯಲಿಲ್ಲ. ಅತ್ತೆ ಒಪ್ಪಿಗೆ ಎಂದೇ ತಿಳಿದರು. ಅವರ ಸಂಸಾರ ಇಷ್ಟು ಕಾಲ ಸುಗಮವಾಗಿ ನಡೆದದ್ದೇ ಹಾಗೆ ಎಂದು ನನ್ನ ಅನುಮಾನ.

ಹೀಗೆ ನಮ್ಮ ರಿಪೇರಿ ಶುರುವಾಯಿತು. ನನ್ನ ಗಂಡ ಬ್ಯಾಂಕಿನ ಕೆಲಸದವರು, ಟೈರಿಗೆ ಗಾಳಿ ಹಾಕಿಸುವುದೇ ಅವರ ಯಂತ್ರಜ್ಞಾನದ ಎಲ್ಲೆ. ‘ನೀವುಂಟು, ನಿಮ್ಮ ಆಟೋ ಉಂಟು’ ಎಂದು ಕೈಮುಗಿದುಬಿಟ್ಟರು. ಹಾಗಾಗಿ ಅತ್ತೆಗೆ ಸಿಕ್ಕ ಸಹಾಯಕಿ ನಾನು. ನಾನೋ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ತಾಳಗುಂದದ ಶಾಸನದ ಬಗ್ಗೆ ಮುಕ್ಕಾಲು ಗಂಟೆ ಬಿಡುವಿಲ್ಲದೆ ಮಾತಾಡಬಲ್ಲೆ. ಆದರೆ ಸ್ಪ್ಯಾನರಿನ ಮೇಲೆ ಕೊರೆದ ಸಂಖ್ಯೆಗೂ ನಟ್ಟಿಗೂ ಏನೋ ಸಂಬಂಧ ಇದೆ ಎಂಬುದು ಆವತ್ತಿನವರೆಗೆ ನನ್ನ ಅರಿವಿಗೆ ಬಂದಿರಲಿಲ್ಲ. ಅತ್ತೆಗೂ ಹೆಚ್ಚೇನೂ ಗೊತ್ತಿರಲಿಲ್ಲ. ಮಾವ ರಿಪೇರಿ ಮಾಡುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು, ಅಷ್ಟೇ. ಟಾರ್ಚ್ ಹಿಡಿದವರಿಗೆ ಎಲ್ಲ ಕಾಣುತ್ತದೆ, ಆದರೆ ಯಾವುದು ಯಾಕೆ ಎಂದು ತಿಳಿದಿರುವುದಿಲ್ಲ.

ಆದ್ದರಿಂದ ನಾವು ನಮಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದೆವು. ತುಕ್ಕು ತಿಂದು ತೂತಾಗಿದ್ದ ತಳಕ್ಕೆ ಎಣ್ಣೆ ಡಬ್ಬದ ತಗಡು ಬಿಡಿಸಿ ಹೊಡೆದೆವು. ಕೂತರೆ ಕಾಲ ಬುಡದಲ್ಲಿ ಕಡಲೆಕಾಯಿಯ ಚಿತ್ರ ಕಾಣುತ್ತಿತ್ತು. ಪೆಟ್ರೋಲ್ ಟ್ಯಾಂಕ್ ಒಂದು ಮೂಲೆಯಲ್ಲಿ ಜಿನುಗುತ್ತಿತ್ತು. ಅದಕ್ಕೆ ಬಟ್ಟೆ ಸೋಪನ್ನು ಒದ್ದೆ ಮಾಡಿ ತಿಕ್ಕಿದರೆ ನಿಲ್ಲುತ್ತದೆ ಎಂದು ಅತ್ತೆ ಎಲ್ಲೋ ಕೇಳಿದ್ದರು, ಆಶ್ಚರ್ಯವೆಂದರೆ ನಿಂತಿತು. ಹರಿದ ಸೀಟಿಗೆ ಹಳೆಯ ಕೌದಿಯೊಂದನ್ನು ಮಡಿಸಿ ಹೊಲಿದೆವು. ಕ್ಲಚ್ ವೈರ್ ತುಂಡಾಗಿದ್ದ ಕಡೆ ಸೈಕಲ್ಲಿನ ಬ್ರೇಕ್ ವೈರ್ ಹಾಕಿದ್ದು ನನ್ನ ಸ್ವಂತ ಬುದ್ಧಿ. ಅದು ಮೊದಲ ಸಲ ಒತ್ತಿದಾಗಲೇ ಟಣ್ ಎಂದು ತುಂಡಾಗಿ ನನ್ನ ಬುದ್ಧಿಯ ಬೆಲೆ ಹೇಳಿತು. ಮಾರನೆಯ ದಿನ ಶಿರಾಳಕೊಪ್ಪದಿಂದ ಸರಿಯಾದದ್ದನ್ನೇ ತಂದೆ.

ಉಳಿದದ್ದು ಟಾಪು. ಅದರ ರೆಕ್ಸಿನ್ ಹಪ್ಪಳದಂತೆ ಒಣಗಿ ಮುಟ್ಟಿದಲ್ಲೆಲ್ಲ ಉದುರುತ್ತಿತ್ತು, ಒಳಗಿನ ಕಬ್ಬಿಣದ ಸರಳುಗಳೂ ತುಕ್ಕು ಹಿಡಿದಿದ್ದವು. ಹೇಗೂ ಹೊಲಕ್ಕೆ ಹೋಗುವ ಗಾಡಿ, ಹುಲ್ಲು ಹೇರಲು ಮೇಲೆ ಬಯಲಾಗಿದ್ದರೇ ಒಳ್ಳೆಯದು ಎಂದು ಅತ್ತೆ ತೀರ್ಮಾನ ಮಾಡಿದರು. ಕಬ್ಬಿಣ ಕೊಯ್ಯುವ ಗರಗಸ ತಂದು ನಾನೊಂದು ಕಡೆ ಸರಳು ಹಿಡಿದುಕೊಂಡೆ, ಅತ್ತೆ ಕೊಯ್ಯತೊಡಗಿದರು.

ಆ ಸದ್ದಿಗೆ ಮಾವ ಜಗುಲಿಯಿಂದ ಎದ್ದರು. ಗೋಡೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದು, ಏನು ಕೊಯ್ತಾ ಇದೀರಿ ಎಂದು ಕೇಳಿದರು. ಟಾಪು ಎಂದು ಅತ್ತೆ ಹೇಳಿದರು. ಮಾವ ಒಳಕ್ಕೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು, ರಾತ್ರಿಯೂ ಮಜ್ಜಿಗೆ ಅನ್ನ ಎರಡು ತುತ್ತು ತಿಂದು ಎದ್ದರು. ಆಮೇಲೆ ಎಷ್ಟೋ ದಿನ ಜಗುಲಿಗೇ ಬರಲಿಲ್ಲ. ಕಣ್ಣು ಹೋದಾಗ ಅಳದಿದ್ದ ಮನುಷ್ಯ, ಆ ದಿನಗಳಲ್ಲಿ ಮಂಚದ ಮೇಲೆ ಗೋಡೆ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಇನ್ನು ಸಾಕು ಅತ್ತೆ, ಬಿಟ್ಟುಬಿಡೋಣ ಎಂದು ನಾನು ಹೇಳಿ ನೋಡಿದೆ. ಅತ್ತೆ ಗರಗಸದ ಹಲ್ಲಿಗೆ ಎಣ್ಣೆ ಹಚ್ಚುತ್ತ, ‘ಈಗ ಬಿಟ್ರೆ ಅರ್ಧ ಕೊಯ್ದ ಆಟೋ ಒಂದು ಉಳೀತದೆ ನೋಡವ್ವ. ಅದನ್ನ ದಿನಾ ನೋಡ್ಕೊಂಡು ಇರಾಕ ನನಗೂ ಆಗಂಗಿಲ್ಲ’ ಎಂದರು.

ಅಂತೂ ಟಾಪು ಹೋಯಿತು, ಮುಂದಿನ ಗಾಜು ಮಾತ್ರ ಉಳಿಯಿತು. ಈಗ ಅದು ಆಟೋದಂತೆ ಕಾಣದೆ, ಶ್ರೀಮಂತರು ಬಿಸಿಲು ಕಾಯಿಸಿಕೊಳ್ಳಲು ಇಟ್ಟುಕೊಳ್ಳುವ ಟಾಪಿಲ್ಲದ ಕಾರಿನ ಬಡ ತಮ್ಮನಂತೆ ಕಾಣುತ್ತಿತ್ತು. ಆದರೆ ಸ್ಟಾರ್ಟ್ ಆಗಲಿಲ್ಲ. ಸ್ಟಾರ್ಟ್ ಮಾಡುವ ಲಿವರನ್ನು ಅತ್ತೆ ಎಳೆದರು, ನಾನು ಎಳೆದೆ, ಭಾನುವಾರ ಸಿಕ್ಕಿಬಿದ್ದ ನನ್ನ ಗಂಡನಿಂದಲೂ ಎಳೆಸಿದೆವು. ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು.

ಹೀಗೆ ಎಳೆಯತೊಡಗಿದ ಮೂರನೆಯ ದಿನವೋ ಏನೋ, ಒಳಗಿನ ಕೋಣೆಯಿಂದ ಮಾವನ ದನಿ ಬಂತು. ‘ಕಾರ್ಬೊರೇಟರ್ ಬಿಚ್ಚಿ ತೊಳೀರಿ.’ ಅಷ್ಟೇ. ನಮಗಿಬ್ಬರಿಗೂ ಎಷ್ಟು ಸಂತೋಷವಾಯಿತೆಂದರೆ ಕಾರ್ಬೊರೇಟರ್ ಎಲ್ಲಿದೆ ಎಂದು ಕೇಳುವುದನ್ನೇ ಮರೆತೆವು. ಹೇಗೋ ಹುಡುಕಿ ಬಿಚ್ಚಿ ತೊಳೆದು ಹಾಕಿದೆವು. ಆಗಲಿಲ್ಲ. ಮಾವ ಈ ಸಲ ಬಾಗಿಲವರೆಗೆ ಬಂದು, ಸರಿಯಾಗಿ ತೊಳೆದಿಲ್ಲ, ಇನ್ನೊಮ್ಮೆ ತೊಳೀರಿ ಎಂದರು. ಮತ್ತೆ ತೊಳೆದೆವು. ಮಾವ ಮರದ ಕೆಳಗೇ ಬಂದು ಕುರ್ಚಿ ಹಾಕಿಸಿಕೊಂಡು, ನಾನು ಇಷ್ಟು ವರ್ಷ ಈ ಇಂಜಿನ್ನಿನ ದನಿ ಕೇಳಿದವನು, ಇದು ಕಾರ್ಬೊರೇಟರೇ, ಬೇರೆ ಏನೂ ಆಗಿರಲು ಸಾಧ್ಯವಿಲ್ಲ ಎಂದು ಅಪ್ಪಣೆ ಕೊಡಿಸಿದರು.

ಅಷ್ಟರಲ್ಲಿ ಅತ್ತೆ ಹಿಂದುಗಡೆ ಕೂತು ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ನೋಡುತ್ತಿದ್ದರು. ಬೆರಳು ಒಳಗೆ ಹೋಗಲಿಲ್ಲ. ಕಣಜದ ಹುಳು ಅದರೊಳಗೆ ಮಣ್ಣಿನ ಗೂಡು ಕಟ್ಟಿ, ಮನೆಯ ಮೇಲೆ ಮನೆ ಎಬ್ಬಿಸಿ, ಬಾಯಿಯವರೆಗೂ ಮೆತ್ತಿಬಿಟ್ಟಿತ್ತು. ಅತ್ತೆ ಒಂದು ಕಬ್ಬಿಣದ ಕಡ್ಡಿ ತಂದು ಕೆದಕಿದರು, ಆಮೇಲೆ ನನಗೆ ಲಿವರ್ ಎಳೆಯಲು ಸನ್ನೆ ಮಾಡಿದರು. ಇಂಜಿನ್ ಒಮ್ಮೆ ಗುಟುರು ಹಾಕಿ ಹೊತ್ತಿಕೊಂಡಿತು. ಉಳಿದಿದ್ದ ಗೂಡೆಲ್ಲ ಮದ್ದು ಹಾರಿಸಿದ ಹಾಗೆ ಸಿಡಿದು, ಹಿಂದೆ ಕೂತಿದ್ದ ಅತ್ತೆಯ ಮುಖ, ಪಕ್ಕದ ತಂತಿಯ ಮೇಲಿದ್ದ ನನ್ನ ಬಿಳಿ ಸೀರೆ ಎರಡನ್ನೂ ಕೆಂಪು ಮಾಡಿತು.

‘ನೋಡ್ದ್ಯಾ, ಕಾರ್ಬೊರೇಟರು ಅಂದ್ನಲ್ಲ,’ ಎಂದರು ಮಾವ.

‘ಸೈಲೆನ್ಸರಿನಾಗ ಹುಳ ಮನಿ ಕಟ್ಟಿತ್ತು ರೀ,’ ಎಂದರು ಅತ್ತೆ, ಮುಖ ಒರೆಸಿಕೊಳ್ಳುತ್ತ.

ಮಾವ ಒಂದು ಕ್ಷಣ ಬೆಪ್ಪಾದರು. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು, ಮತ್ತೆ ಎದ್ದು ಮಂಚಕ್ಕೆ ಹೋದರೆ ಏನು ಗತಿ ಎಂದು. ಅವರು ನಗತೊಡಗಿದರು. ಮೊದಲು ಭುಜ ಕುಲುಕಿತು, ಆಮೇಲೆ ಕುರ್ಚಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಾವೆಲ್ಲ ಅವರು ಹೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಿದ್ದೆವು, ಗುಜರಿಯವನ ವಿಷಯವೊಂದನ್ನು ಬಿಟ್ಟರೆ ಯಾವುದನ್ನೂ ಅಲ್ಲ ಎಂದವರಿರಲಿಲ್ಲ. ಗಾಜಿನ ಸಾಮಾನಿನಂತೆ ನೋಡಿಕೊಂಡಿದ್ದೆವು. ಅವರ ಮಾತನ್ನು ಮೊದಲು ಸುಳ್ಳು ಮಾಡಿದ್ದು ಆ ಹುಳ.

ಅಂದಿನಿಂದ ಮಾವ ನಮ್ಮ ಜೊತೆ ಸೇರಿದರು. ಆಟೋದ ಸುತ್ತ ಕೈಯಾಡಿಸಿಕೊಂಡು ನಡೆದು, ನಮ್ಮ ಹೊಲಿಗೆ, ನಮ್ಮ ತಗಡು, ನಮ್ಮ ಸೋಪು ಎಲ್ಲವನ್ನೂ ಮುಟ್ಟಿ ನೋಡಿ ಒಂದೊಂದಕ್ಕೂ ಬೈದರು. ಟಾಪಿನ ಸರಳು ಕೊಯ್ದ ಮೊಂಡು ತುದಿ ಕೈಗೆ ತಾಗಿದಾಗ ಮಾತ್ರ ಬೈಯದೆ ಮುಂದಕ್ಕೆ ಸರಿದರು. ಅತ್ತೆಗೆ ಓಡಿಸಲು ಕಲಿಸಿದ್ದು ಅವರೇ, ಹಿಂದೆ ಕೌದಿಯ ಸೀಟಿನ ಮೇಲೆ ಕೂತು, ಗೇರಿನ ಸದ್ದು ಕೇಳುತ್ತ. ಅತ್ತೆ ಹುಲ್ಲಿನ ಬಣವೆಗೆ ಗುದ್ದಿದ್ದು, ರಿವರ್ಸ್ ಹಾಕಲು ಹೋಗಿ ಹಾರ್ನ್ ಒತ್ತಿದ್ದು, ಇವನ್ನೆಲ್ಲ ಹೇಳಿದರೆ ಅವರು ನನಗೆ ಊಟ ಹಾಕುವುದಿಲ್ಲ. ಈ ಅವತಾರದಲ್ಲಿ ಡಾಂಬರು ರಸ್ತೆಗೆ ಇಳಿಸಿದರೆ ಪೊಲೀಸರು ಬಿಡುವುದಿಲ್ಲ ಎಂದು ನನ್ನ ಗಂಡ ಕಾಯಿದೆ ಓದಿದ್ದರಿಂದ, ಮನೆ ಹಿಂದಿನ ಗಾಡಿದಾರಿ, ನಮ್ಮ ಜೋಳದ ಹೊಲ, ಊರ ಕೆರೆ, ಇಷ್ಟೇ ಅದರ ರಾಜ್ಯ.

ಯುಗಾದಿ ಕಳೆದು ಕೆರೆ ಎಂದಿನಂತೆ ಒಣಗಿದ್ದ ಕಾಲ. ಒಂದು ಸಂಜೆ ಹುಲ್ಲು ತರಲು ಮೂವರೂ ಹೋಗಿದ್ದೆವು. ಬರುವಾಗ ಅತ್ತೆ ಗಾಡಿದಾರಿ ಬಿಟ್ಟು ಕೆರೆಯಂಗಳಕ್ಕೆ ಇಳಿಸಿ, ನಡುಮಧ್ಯದಲ್ಲಿ ನಿಲ್ಲಿಸಿದರು. ನನಗೆ ಹುಲ್ಲಿನ ಹೊರೆ ಇಳಿಸಲು ಹೇಳಿದರು. ಆಮೇಲೆ ಮಾವನ ಕೈ ಹಿಡಿದು ಮುಂದಕ್ಕೆ ಕರೆತಂದು, ಆ ಕೈಯನ್ನು ಹ್ಯಾಂಡಲಿನ ಮೇಲೆ ಇಟ್ಟರು.

‘ಏನ್, ತಲಿ ಕೆಟ್ಟೈತೇನು ನಿನಗ?’ ಎಂದರು ಮಾವ. ಕೈ ಮಾತ್ರ ತೆಗೆಯಲಿಲ್ಲ.

‘ಇಲ್ಲಿ ಏನೂ ಇಲ್ಲ ರೀ. ಗಿಡ ಇಲ್ಲ, ಕಲ್ಲಿಲ್ಲ. ಕುರಿ ಎಲ್ಲಾ ಏರಿ ಮ್ಯಾಲೆ ಅದಾವು. ಹೊಡೀಬೇಕಂದ್ರೂ ನಿಮಗೆ ಏನೂ ಸಿಗಂಗಿಲ್ಲ. ನಾನು ಪಕ್ಕದಾಗ ಕೂತಿರ್ತೀನಿ.’

ನಾನು ಹುಲ್ಲಿನ ಹೊರೆಯ ಪಕ್ಕ ನಿಂತು ನೋಡಿದೆ. ಆಟೋ ಮೆಲ್ಲಗೆ ಹೊರಟಿತು. ಎಡಕ್ಕೆ, ಇನ್ನೊಂಚೂರು, ಸಾಕು ಎಂದು ಅತ್ತೆ ಹೇಳುತ್ತಿದ್ದುದು ನನಗೆ ಕೇಳುತ್ತಿತ್ತು. ಒಂದು ಸುತ್ತು ಬಂದರು. ಎರಡನೆಯ ಸುತ್ತಿನಲ್ಲಿ ಅತ್ತೆಯ ದನಿ ಕೇಳಲಿಲ್ಲ. ಗೇರು ಬದಲಾಯಿತು, ಮತ್ತೆ ಬದಲಾಯಿತು. ಒಡೆದ ಕೆಸರಿನ ಹೆಕ್ಕಳೆಗಳು ಗಾಲಿಗೆ ಸಿಕ್ಕಿ ಪುಡಿಯಾಗಿ ಧೂಳೆದ್ದಿತು. ಅದರ ನಡುವೆ ಮಾವ, ನೆಟ್ಟಗೆ ಬೆನ್ನು ನಿಮಿರಿಸಿ, ಎದುರಿಗೆ ಏನೂ ಇಲ್ಲದಿದ್ದರೂ ಒಂದು ಸಲ ಹಾರ್ನ್ ಹೊಡೆದರು. ಅತ್ತೆಯ ಸೆರಗು ಹೆಗಲಿನಿಂದ ಹಾರಿ ಮಾವನ ಮುಖಕ್ಕೆ ಬಡಿಯುತ್ತಿತ್ತು, ಇಬ್ಬರೂ ಅದನ್ನು ಸರಿಸುವ ಗೋಜಿಗೆ ಹೋಗಲಿಲ್ಲ.

ಎಷ್ಟು ಸುತ್ತು ಹೊಡೆದರೋ ನಾನು ಎಣಿಸಲಿಲ್ಲ. ಕೊನೆಗೆ ಮಾವ ನನ್ನ ಹತ್ತಿರ ಬಂದು ನಿಲ್ಲಿಸಿ ಇಂಜಿನ್ ಆರಿಸಿದರು. ತಲೆ, ಹುಬ್ಬು ಎಲ್ಲ ಧೂಳು. ಮುಖವನ್ನು ಆಕಾಶದ ಕಡೆಗೆ ಎತ್ತಿ, ಬೆಳಕು ಇರುವ ಪಡುವಣಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಹಾಗೇ ಕೂತರು.

‘ಟಾಪ್ ತೆಗ್ದಿದ್ದು ಚಲೋ ಆತು,’ ಎಂದರು.

ಅತ್ತೆ ಇಳಿದು, ನನ್ನ ಜೊತೆ ಹುಲ್ಲಿನ ಹೊರೆಗೆ ಕೈಹಾಕಿದರು.

ಈ ವರ್ಷ ಮಳೆ ಚೆನ್ನಾಗಿ ಹಿಡಿದು ಕೆರೆಯಲ್ಲಿ ಇನ್ನೂ ನೀರು ನಿಂತಿದೆ. ಬಂಕಿನಿಂದ ಮನೆಗೆ ಬಂದವಳನ್ನು ಮಾವ ಮೊದಲು ಕೇಳಿದ್ದು ಅದನ್ನೇ, ಬರುವಾಗ ಏರಿಯ ಮೇಲೆ ಹಾದು ಬಂದೆಯಾ, ನೀರು ಎಷ್ಟಿದೆ ಎಂದು. ಹಿಂದಾಗಿದ್ದರೆ ಅವರಿಗೆ ಬೇಸರವಾಗಬಾರದೆಂದು, ಇಳಿಯುತ್ತಾ ಇದೆ ಮಾವ ಎಂದು ಏನಾದರೂ ಹೇಳುತ್ತಿದ್ದೆನೇನೋ. ಈಗ ಹಾಗೆ ಮಾಡುವುದಿಲ್ಲ. ತೂಬಿನ ಕಲ್ಲು ಇನ್ನೂ ಮುಳುಗೇ ಇದೆ, ಈ ಬೇಸಿಗೆಗೆ ಅಂಗಳ ಒಣಗುವುದು ಅನುಮಾನ ಎಂದು ಇದ್ದದ್ದನ್ನೇ ಹೇಳಿದೆ.

‘ಇರ್ಲಿ ಬಿಡವ್ವ, ಊರಿಗೆ ನೀರಾತು,’ ಎಂದರು ಮಾವ. ‘ಅಷ್ಟರಾಗ ಹಿಂದಿನ ಬ್ರೇಕ್ ಬಿಚ್ಚಿ ನೋಡೋಣ. ನಿಮ್ಮತ್ತಿ ಅದನ್ನ ಉಜ್ಜಿ ಉಜ್ಜಿ ಮುಗಿಸ್ಯಾಳೆ.’

ನಾನು ಸೀರೆ ಬದಲಾಯಿಸಿ, ಸ್ಪ್ಯಾನರಿನ ಚೀಲ ತೆಗೆದುಕೊಂಡು ಅವರ ಹಿಂದೆ ಹಿತ್ತಲಿಗೆ ಹೋದೆ.