ಸಾತವ್ವ ಹಚ್ಚಿದ ಪಾಳಿ

ದೇವಣಗಾಂವದ ಸಾತವ್ವನ ಗಂಡ ಗುರಲಿಂಗಪ್ಪ ಕುಡಿಯುವವನಲ್ಲ, ಹೊಡೆಯುವವನಲ್ಲ, ಇಸ್ಪೀಟು ಮುಟ್ಟಿದವನೂ ಅಲ್ಲ. ಆದರೆ ಹೊಲಕ್ಕೆ ಹೊರಟರೆ ಅರ್ಧ ದಾರಿಯಿಂದ ತಿರುಗಿ ಬರುತ್ತಿದ್ದ. ಬಾಗಿಲ ಕೊಂಡಿ ಹಾಕಿದೆನೋ ಇಲ್ಲವೋ ಎಂಬ ಸಂಶಯ. ಬಂದು ಅಲುಗಾಡಿಸಿ ನೋಡಿ ಹೋದರೆ ಹಳ್ಳ ದಾಟುವಷ್ಟರಲ್ಲಿ ಮತ್ತೆ ಅದೇ ಸಂಶಯ. ಒಮ್ಮೆ ಸಾತವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಗಲೇ ಹೊರಗಿನಿಂದ ಕೊಂಡಿ ಹಾಕಿಕೊಂಡು ಹೋಗಿದ್ದ. ಪಕ್ಕದ ಮನೆಯ ಲಾಲಬಿ ಬಂದು ತೆಗೆಯುವ ತನಕ ಆಕೆ ಗಂಡನ ವಂಶವನ್ನೆಲ್ಲ ಜಾಲಾಡಿದ್ದಳು.

ನಗುವಂಥದ್ದು ಅಷ್ಟೇ. ಹೋದ ಹಿಂಗಾರಿಗೆ ಈ ಓಡಾಟದಲ್ಲೇ ಮಣ್ಣಿನ ಹದ ಆರಿ ಅರ್ಧ ಹೊಲ ಬಿತ್ತದೆ ಉಳಿಯಿತು. ಗಂಡ ನಿದ್ದೆಗೆಟ್ಟು ಸೊರಗಿ ಕಡ್ಡಿಯಾದ. ಇನ್ನೊಂದು ವರ್ಷ ಹೀಗಾದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಸಾತವ್ವನಿಗೆ ಎದೆ ಒಡೆದಿತ್ತು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಊರಿನ ಸರಕಾರಿ ದವಾಖಾನೆಗೆ ತಿಂಗಳಿಗೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ಗೊತ್ತಾದಾಗ ಆಕೆ ಗಂಡನಿಗೆ ಮೆಲ್ಲಗೆ ಹೇಳಿ ನೋಡಿದಳು.

“ನಂಗೇನ ಹುಚ್ಚ ಹಿಡದೈತೇನ? ಸತ್ರೂ ಆ ಹೊಸ್ತಿಲಾ ತುಳಿಯಾಂವಲ್ಲ ನಾ,” ಎಂದ ಗುರಲಿಂಗಪ್ಪ, ಎದ್ದು ಹೋಗಿ ಕೊಂಡಿ ನೋಡಿ ಬಂದ.

ಡಾಕ್ಟರು ಬರಲಿಕ್ಕೂ ಒಂದು ಷರತ್ತಿತ್ತು. ಊರವರೇ ಒಬ್ಬ ಮೇಲ್ವಿಚಾರಕನನ್ನು ಆರಿಸಬೇಕು. ಅವನು ದಿನವಿಡೀ ಡಾಕ್ಟರ ಪಕ್ಕದಲ್ಲಿ ಕೂತು ಬಂದವರನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ಡಾಕ್ಟರು ಬೇರೆ ಊರು ನೋಡಿಕೊಳ್ಳುತ್ತಾರೆ.

ಚಾವಡಿಯಲ್ಲಿ ಸಭೆ ಸೇರಿತು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದಂತೆ, ಡಾಕ್ಟರ ಮುಖ ಕಾಣುವ ಮೊದಲೇ ಕುರ್ಚಿಗೆ ಜಗಳ ಬಿತ್ತು.

“ದವಾಖಾನಿಗೆ ಜಾಗಾ ಕೊಟ್ಟಾಂವ ನಾನು. ಕುರ್ಚಿ ನಂದು,” ಎಂದ ರಾವಸಾಬ ಗೌಡ.

“ಹುಚ್ಚ ಬಿಡಸೂದು ನಮ್ಮ ಮುತ್ಯಾನ ಕಾಲದಿಂದ ಬಂದ ಕೆಲಸರಿ. ನನ್ನ ಬಿಟ್ಟು ಹೆಂಗ ಆಗ್ತೈತಿ?” ಎಂದ ಪೂಜಾರಿ ಮಾಳಿಂಗಪ್ಪ.

ಊರು ಎರಡು ಪಾಲಾಯಿತು. ಧ್ವನಿ ಏರಿ, ತೋಳೇರಿಸುವ ಹೊತ್ತು ಬಂತು. ಹೆಂಗಸರ ಗುಂಪಿನಲ್ಲಿದ್ದ ಸಾತವ್ವನಿಗೆ ಡಾಕ್ಟರು ಕೈತಪ್ಪಿ ಹೋಗುವುದು ಕಣ್ಣಿಗೆ ಕಟ್ಟಿತು. ನಾಚಿಕೆ ಬಿಟ್ಟು ಎದ್ದು ನಿಂತಳು.

“ಹನುಮಪ್ಪನ ಗುಡಿ ದೀಪಕ್ಕ ಮನಿಗೊಂದು ಪಾಳಿ ಐತೆಲ್ರಿ? ಇದಕ್ಕೂ ಹಂಗ ಹಚ್ರಿ. ಗೌಡ್ರ ಮನಿಯಿಂದನ ಸುರು ಆಗ್ಲಿ.”

ದೀಪದ ಪಾಳಿಯಲ್ಲಿ ಮೊದಲು ಗೌಡರ ಮನೆ, ಆಮೇಲೆ ಪೂಜಾರಿಯ ಮನೆ, ಮೂರನೆಯದು ಸಾತವ್ವನದೇ. ಮೊದಲನೆಯವನಾದೆನೆಂದು ಗೌಡ ಹಿಗ್ಗಿದ. ತನ್ನ ಸರದಿಯೂ ಬಂತೆಂದು ಪೂಜಾರಿ ತಣ್ಣಗಾದ. ಸಾತವ್ವನ ಲೆಕ್ಕ ಬೇರೆಯೇ ಇತ್ತು. ಪಾಳಿ ತಪ್ಪಿಸಿದ ಮನೆಗೆ ಊರು ಛೀ ಥೂ ಅನ್ನುತ್ತಿತ್ತು. ಗುರಲಿಂಗಪ್ಪನಂತೂ ದೀಪ ಹಚ್ಚಿ ಬಂದ ಮೇಲೂ ನಾಲ್ಕು ಸಲ ಗುಡಿಗೆ ಹೋಗಿ ಉರಿಯುತ್ತಿದೆಯೇ ಎಂದು ನೋಡುವವನು.

ಗೌಡ ತನ್ನ ಪಾಳಿಯ ದಿನ ಬಂದವರನ್ನೆಲ್ಲ “ನಿನಗೇನ ಧಾಡಿ ಆಗೇತಲೇ?” ಎಂದು ಗದರಿ ಅರ್ಧ ಜನರನ್ನು ಓಡಿಸಿದ. ಮಾಳಿಂಗಪ್ಪ ಡಾಕ್ಟರ ಮೇಜಿಗೆ ಲಿಂಬೆಹಣ್ಣು ಕಟ್ಟಿ, ತನ್ನ ಮೊಣಕಾಲು ನೋವಿಗೆ ಮುಲಾಮು ಇಸಿದುಕೊಂಡು ಮಧ್ಯಾಹ್ನಕ್ಕೇ ಮನೆ ಸೇರಿದ.

ಮೂರನೆಯ ತಿಂಗಳು ಗುರಲಿಂಗಪ್ಪ ಗೊಣಗಿದ, ಹೆಂಡತಿಯನ್ನು ಬೈದ. ಆದರೂ ಪಾಳಿ ಅಂದರೆ ಪಾಳಿ. ಮಡಿ ಧೋತರ ಉಟ್ಟು ರುಮಾಲು ಸುತ್ತಿ ಹೊರಟ. ದಾರಿಯಿಂದ ಮೂರು ಸಲ ಮನೆಗೆ ಬಂದು ಹೋದ. ಸಾತವ್ವ ಬುತ್ತಿಯ ನೆವದಲ್ಲಿ ದವಾಖಾನೆಯ ಕಟ್ಟೆಯ ಮೇಲೆ, ಕಿಟಕಿಯ ಕೆಳಗೆ ಕೂತಳು.

ಗುರಲಿಂಗಪ್ಪ ಯಾರನ್ನೂ ಗದರಲಿಲ್ಲ. ಮುದುಕರನ್ನು ಕೈಹಿಡಿದು ಕೂಡಿಸಿದ. ನಡುನಡುವೆ ದವಾಖಾನೆಯ ಕೊಂಡಿ ನೋಡಿ ಬಂದ. ಡಾಕ್ಟರು ಕನ್ನಡಕದ ಮೇಲಿಂದ ಅವನನ್ನು ನೋಡಿದರು.

ಆಗ ರೇವವ್ವ ಎಂಬ ಹೆಣ್ಣುಮಗಳು ಬಂದಳು. ಕೈಯ ತೊಗಲು ಸುಲಿದಿತ್ತು.

“ಕೊಡಾ ತೊಳದದ್ದು ನಂಗ ಗೊತ್ತೈತ್ರಿ. ಆದ್ರ ಮನಸ ಒಪ್ಪವಲ್ದು. ಮತ್ತ ತೊಳೀತೇನಿ, ಮತ್ತ ತೊಳೀತೇನಿ. ಸೊಕ್ಕು ಅಂತಾಳ್ರಿ ನಮ್ಮತ್ತಿ.”

ಮೈಸೂರಿನ ಕಡೆಯ ಡಾಕ್ಟರು ಮೆತ್ತಗೆ ಹೇಳಿದರು: “ಇದು ಸೊಕ್ಕಲ್ಲಮ್ಮ, ನಿಮ್ಮ ತಪ್ಪೂ ಅಲ್ಲ. ಇದೊಂದು ಕಾಯಿಲೆ. ಮಾತ್ರೆ ಇದೆ. ನಿಮ್ಮ ಹಾಗೆ ಬಹಳ ಜನ ಇದ್ದಾರೆ.”

ಕೊಂಡಿ ನೋಡಲು ಎದ್ದಿದ್ದ ಗುರಲಿಂಗಪ್ಪ ನಿಂತಲ್ಲೇ ನಿಂತ.

“ಬಾಳ ಮಂದಿ ಅಂದ್ರ... ಗಂಡಸರೂ ಅದಾರೇನ್ರಿ?”

“ಇದ್ದಾರೆ ಯಜಮಾನ್ರೇ.”

ಅವನು ಮರಳಿ ಕುರ್ಚಿಯಲ್ಲಿ ಕೂತ. ಸಾತವ್ವ ಕಿಟಕಿಯ ಕೆಳಗೆ ಬುತ್ತಿಯ ಗಂಟು ಬಿಗಿಹಿಡಿದು ಕಿವಿಗೊಟ್ಟಳು.

ಸಂಜೆ ಡಾಕ್ಟರು ಚೀಲ ಮುಚ್ಚುತ್ತ, “ಎಲ್ಲರದೂ ಆಯ್ತಲ್ಲ?” ಎಂದು ಕೇಳಿದರು.

“ಇಲ್ರಿ ಸಾಹೇಬ್ರ. ಇನ್ನೊಬ್ಬಾಂವ ಉಳದಾನ.”

“ಎಲ್ಲಿದ್ದಾನೆ? ಕರೀರಿ.”

ಗುರಲಿಂಗಪ್ಪ ಮೇಲ್ವಿಚಾರಕನ ಕುರ್ಚಿಯಿಂದ ಎದ್ದ. ಮೇಜನ್ನು ಸುತ್ತಿ ಬಂದು ರೋಗಿಗಳ ಬಾಕಿನ ಮೇಲೆ ಕೂತ. ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಬಂದಾನ್ರಿ,” ಎಂದ.