ಶಾಂತಮಲ್ಲಪ್ಪನವರ ಹಾಲುಬಾಯಿ, ತಾತನ ಹಾವುಗೆ

ತೆರಕಣಾಂಬಿಯಲ್ಲಿ ಬಸ್ಸಿಳಿದು ಅರಿಶಿನದ ಶಾಂತಮಲ್ಲಪ್ಪನವರ ಮನೆ ಯಾವುದು ಅಂದರೆ ಸಾಕು, ನಾಲ್ಕು ಕೈ ಒಟ್ಟಿಗೆ ಏಳುತ್ತಿದ್ದವು. ಅರಿಶಿನದ ಕೊಂಬನ್ನು ಕಿವಿಯ ಹತ್ತಿರ ಹಿಡಿದು ಲಟಕ್ಕನೆ ಮುರಿದು, ಒಣಗಿದೆಯೋ ಹಸಿಯೋ ಎಂದು ಬರೀ ಸದ್ದಿನಲ್ಲೇ ಹೇಳುವ ವ್ಯಾಪಾರಿ ಆತ. ಮಾತಿಗೂ ತೂಕ, ಮೈಗೂ ತೂಕ. ಅಂಥವರ ರಕ್ತ ನೋಡಿ ಚಾಮರಾಜನಗರದ ಡಾಕ್ಟರು, ಇನ್ನು ಸಿಹಿ ಮುಟ್ಟಕೂಡದು ಅಂದುಬಿಟ್ಟರು. ಊಟ ಬಿಡು ಅಂದಿದ್ದರೂ ಬಿಡುತ್ತಿದ್ದರೇನೋ. ಹೆಂಡತಿ ಪುಟ್ಟಬಸಮ್ಮ ಮಾಡುವ ಹಾಲುಬಾಯಿ ಬಿಟ್ಟು ಬದುಕುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ಡಾಕ್ಟರ ಮಾತನ್ನು ನಡೆಸಿಕೊಟ್ಟದ್ದು, ಉಳಿದವರಿಗೆಂದು ಮಾಡಿದ ಹಾಲುಬಾಯಿಯನ್ನು ಒಳಗಿಟ್ಟುಕೊಂಡ ಫ್ರಿಜ್ಜು. ತೊಂಬತ್ತೈದರಲ್ಲಿ ಮಗ ಸೋಮೇಶ ಗುಂಡ್ಲುಪೇಟೆಯಿಂದ ತಂದು ನಡುಮನೆಯಲ್ಲಿ ನಿಲ್ಲಿಸಿದ್ದು. ಆರು ತಿಂಗಳು ಸಾಧುವಾಗಿತ್ತು. ಆಮೇಲೆ ಹಿಡಿ ಮುಟ್ಟಿದವರ ಮೊಣಕೈತನಕ ಜುಮ್ ಅನ್ನಿಸತೊಡಗಿತು.

"ಅರ್ತಿಂಗ್ ಸರಿ ಇಲ್ಲ ಕಣವ್ವಾ, ನಾಳೆ ರಿಪೇರಿಯವನ ಕರಕಂಡ್ ಬತ್ತೀನಿ" ಅಂದ ಸೋಮೇಶ.

"ಇರ್ಲಿ ಬುಡು ಮಗ. ಅದರ ಪಾಡಿಗೆ ಅದು ಕಾಯ್ಕಂಡದ" ಅಂದರು ಪುಟ್ಟಬಸಮ್ಮ. ಏನನ್ನು ಕಾಯುತ್ತಿದೆ ಎಂದು ಹೇಳಲಿಲ್ಲ. ತಿಳಿಯಬೇಕಾದವರಿಗೆ ತಿಳಿದಿತ್ತು.

ಆಕೆಗೆ ಮಾತ್ರ ಜುಮ್ ಅನ್ನುತ್ತಿರಲಿಲ್ಲ. ಆಕೆ ಮರದ ಮಣೆ ಹಾಕಿಕೊಂಡು, ಅದರ ಮೇಲೆ ನಿಂತು ಬಾಗಿಲು ತೆಗೆಯುತ್ತಿದ್ದರು. ಕೆಲಸವಾದ ಮೇಲೆ ಅದೇ ಮಣೆಯನ್ನು ಒಲೆಯ ಮುಂದೆ ಹಾಕಿಕೊಂಡು ಕೂತರೆ, ಎದ್ದಾಗ ಕಂಕುಳಲ್ಲಿ ಮಣೆ. ಉಳಿದ ಮಣೆಗಳೆಲ್ಲ ಅಟ್ಟ ಸೇರಿದ್ದವು.

ಶಾಂತಮಲ್ಲಪ್ಪ ಸುಮ್ಮನಿರಲಿಲ್ಲ. ಹೆಗಲ ಟವಲು ಸುತ್ತಿ ಹಿಡಿ ಎಳೆದರು. ಆಗಷ್ಟೇ ಮೈ ಒರೆಸಿದ್ದ ಟವಲು, ಹಲ್ಲು ಕಟಕಟ ಅಂದವು. ರಬ್ಬರು ಚಪ್ಪಲಿ ಮೆಟ್ಟಿದರಾಗುತ್ತಿತ್ತು. ಆದರೆ ಹೊಸಿಲು ದಾಟಿ ಚಪ್ಪಲಿ ಬರಕೂಡದು ಎಂಬ ಕಾನೂನು ಅವರದೇ. ಮಗಳು ನಾಗಲಕ್ಷ್ಮಿಯ ಮಾವನವರನ್ನೇ ಬಾಗಿಲಲ್ಲಿ ತಡೆದು, ಚಪ್ಪಲಿ ಬಿಡಿಸಿ ಒಳಗೆ ಕರೆದಿದ್ದ ಮನುಷ್ಯ ತಾನೇ ಮೆಟ್ಟಿಕೊಂಡು ತಿರುಗಿದರೆ ಮನೆಯಲ್ಲಿ ಮಾತು ನಡೆಯುವುದೇ?

ಹೀಗಿರಲು ಒಂದು ಮಧ್ಯಾಹ್ನ ದೇವರ ಗೂಡಿನ ಕಡೆ ಕಣ್ಣು ಹೋಯಿತು. ಅಲ್ಲಿ ಅವರ ತಾತ ಮರಿಮಲ್ಲಪ್ಪನವರ ಮರದ ಹಾವುಗೆಗಳಿದ್ದವು. ತಾತ ಹೋಗಿ ನಲವತ್ತು ವರ್ಷವಾಗಿತ್ತು. ಸೋಮವಾರ ಸೋಮವಾರ ಹಾವುಗೆಗೆ ವಿಭೂತಿ, ಹೂವು. ಅದರ ಮೇಲೆ ಇನ್ನೊಬ್ಬರ ಕಾಲು ಬಿದ್ದದ್ದಿಲ್ಲ.

ಮರ. ಒಣ ಮರ. ಬೆರಳಲ್ಲಿ ತಟ್ಟಿ ನೋಡಿದರು, ಟಕ್ ಅಂತು. ಒಳ್ಳೆ ಮಾಲು.

"ತಾತ, ಒಂದ್ ಗಳಿಗೆ ಕೊಡು. ಬಾಯಿಚಪಲ ಅನ್ಕಬ್ಯಾಡ, ಕರೆಂಟಿಗೆ ಅಂತ ಅನ್ಕೊ" ಎಂದು ಕೈಮುಗಿದು ಹತ್ತಿಯೇಬಿಟ್ಟರು. ಟಕ್ ಟಕ್ ಎಂದು ನಡೆದು ಹಿಡಿ ಎಳೆದರೆ ಜುಮ್ಮೂ ಇಲ್ಲ, ಜಿಮ್ಮೂ ಇಲ್ಲ. ತಣ್ಣನೆಯ ಹಾಲುಬಾಯಿ ನಾಲಗೆಯ ಮೇಲೆ ಕೂತಾಗ ಕಣ್ಣು ತಾನಾಗಿ ಮುಚ್ಚಿತು.

ಅಂದಿನಿಂದ ಪುಟ್ಟಬಸಮ್ಮ ಪಕ್ಕದ ಮನೆಯ ಸುಂದ್ರಮ್ಮನ ಜೊತೆ ಅವರೆಕಾಯಿ ಬಿಡಿಸಲು ಹೋದಾಗೆಲ್ಲ ತಾತನ ಹಾವುಗೆ ಗೂಡಿನಿಂದ ಇಳಿಯಿತು. ಆದರೆ ಎರಡು ಮನೆಗೂ ನಡುವೆ ಒಂದೇ ಗೋಡೆ.

"ನಿಮ್ಮಟ್ಟೀಲಿ ಯಾರಮ್ಮಿ, ಟಕ್ ಟಕ್ ಅಂತ ನಡ್ಯೋರು?" ಅಂದರು ಸುಂದ್ರಮ್ಮ.

ಪುಟ್ಟಬಸಮ್ಮ ಮನೆಗೆ ಬಂದು ಹಾವುಗೆ ನೋಡಿದರು. ಹಿಮ್ಮಡಿಯ ಕಡೆ ವಿಭೂತಿ ಅಳಿಸಿತ್ತು. ಮೂಸಿದರೆ ಏಲಕ್ಕಿ ವಾಸನೆ.

ರಾತ್ರಿ ಮುದ್ದೆ ಬಡಿಸುತ್ತಾ ಅಂದರು: "ತಾತ ಮನೇಲಿ ಓಡಾಡ್ತಾವ್ರಂತೆ ಕಣ್ರೀ. ಸುಂದ್ರಕ್ಕ ಕೇಳುಸ್ಕಂಡವ್ಳೆ."

ಶಾಂತಮಲ್ಲಪ್ಪ ಮುದ್ದೆ ಬಿಟ್ಟು ನೀರಿನ ಲೋಟ ಎತ್ತಿಕೊಂಡರು. ಹಾವುಗೆ ಮೆಟ್ಟಿದೆ ಅಂದರೆ ಮನೆಯಲ್ಲಿ ಮುಖ ಎತ್ತುವಂತಿಲ್ಲ. ನೀರು ಕುಡಿದು, ಗಂಭೀರವಾಗಿ, "ದೊಡ್ಡೋರು, ಬರ್ಲಿ ಬುಡು. ಏನಾರ ಆಸೆ ಉಳ್ಕಂಡಿರ್ಬೋದು. ಒಂದು ಎಡೆ ಇಕ್ಬುಡು. ಸಿಹೀದು ಇಕ್ಕು" ಅಂದರು.

"ಇಕ್ಕದೆ ಇದ್ದೀನಾ" ಅಂದರು ಪುಟ್ಟಬಸಮ್ಮ.

ಸೋಮವಾರ ಬೆಳಗ್ಗೆ ಆಕೆ ಹಾವುಗೆಗೆ ಎಂದಿನಂತೆ ಹೂವು ಏರಿಸಿ ಮುಗಿಸಲಿಲ್ಲ. ನೀರಿನ ಕೊಳದಪ್ಪಲೆಯಲ್ಲಿ ಮುಳುಗಿಸಿಟ್ಟು ಒಲೆ ಹಚ್ಚಿದರು, ಅಡುಗೆ ಮುಗಿಸಿದರು, ಆಮೇಲೆ ಎತ್ತಿ ಮೇಲಷ್ಟೇ ಒರೆಸಿ, ವಿಭೂತಿ ಬಳಿದು ಗೂಡಿನಲ್ಲಿಟ್ಟರು. ಮಧ್ಯಾಹ್ನ ಬಾಗಿಲು ಮುಂದಕ್ಕೆ ಎಳೆದುಕೊಂಡು ಸುಂದ್ರಮ್ಮನ ಮನೆಗೆ ಹೊರಟ ಹಾಗೆ ಹೊರಟರು.

ಹಸಿದವರಿಗೆ ಕಿವಿ ಕೇಳಿಸದು ಅಂತಲೇ ಇಟ್ಟುಕೊಳ್ಳಿ. ಊರಿನ ಅರಿಶಿನದ ಹಸಿ ಒಣ ಎಲ್ಲವನ್ನೂ ಸದ್ದಿನಲ್ಲಿ ಹಿಡಿಯುವ ಶಾಂತಮಲ್ಲಪ್ಪನವರ ಕಾಲ ಕೆಳಗೆ ಹಾವುಗೆ ಟಕ್ ಟಕ್ ಅನ್ನಲಿಲ್ಲ, ದಬ್ ದಬ್ ಅಂತು. ಗಮನವೆಲ್ಲ ಫ್ರಿಜ್ಜಿನ ಎರಡನೇ ಅಂತಸ್ತಿನ ತಟ್ಟೆಯ ಮೇಲೆ. ಹಿಡಿಗೆ ಕೈ ಹಾಕಿ ಎಳೆದರು. ಬಾಗಿಲೇನೋ ತೆರೆಯಿತು. ಅದರ ಜೊತೆಗೇ ಅಂಗಾಲಿನಿಂದ ನೆತ್ತಿಗೆ ಸಾವಿರ ಇರುವೆ ಹರಿದವು. ಒಂದು ಹಾವುಗೆ ಅಟ್ಟದ ಏಣಿಗೆ ಬಡಿಯಿತು, ಇನ್ನೊಂದು ಅಡುಗೆಮನೆ ಸೇರಿತು, ಹಾಲುಬಾಯಿಯ ತಟ್ಟೆ ಜಾರಿ ಮಡಿಲಿಗೆ ಬಂತು. ಅರಿಶಿನದ ಮೂಟೆ ಇಳಿಸಿದ ಹಾಗೆ ನೆಲಕ್ಕೆ ಕೂತರು.

ಮುಂಬಾಗಿಲು ತೆರೆಯಿತು. ಪುಟ್ಟಬಸಮ್ಮ, ಹಿಂದೆ ಸುಂದ್ರಮ್ಮ.

"ತಾತ, ಬಿದ್ರಾ?" ಎಂದು ಸೆರಗು ಹೊದ್ದು ವಿನಯವಾಗಿ ಕೇಳಿದರು ಪುಟ್ಟಬಸಮ್ಮ.

"ತಾತ ಎಲ್ಲಮ್ಮಿ? ನಿನ್ ಗಂಡ ಅಲ್ವಾ?" ಅಂದರು ಸುಂದ್ರಮ್ಮ.

"ನಮ್ಮೋರಾಗಿದ್ರೆ ಹಸಿ ಅಂತ ಸದ್ದಲ್ಲೇ ಕಂಡ್ಕತಿದ್ರು ಕಣಕ್ಕ. ಇವ್ರು ತಾತನೇ."

ಶಾಂತಮಲ್ಲಪ್ಪ ಜಾರಿದ ತಟ್ಟೆಯನ್ನು ನೆಟ್ಟಗೆ ಮಾಡಿಕೊಂಡರು. ಅಲ್ಲ ಅಂದರೆ ಹಾವುಗೆ ಮೆಟ್ಟಿದ ಮೊಮ್ಮಗನಾಗಬೇಕು. ತಾತನಾಗಿಯೇ ಕೂತರು. ಮಡಿಲಿನ ತಟ್ಟೆ ಮೆಲ್ಲಗೆ ಸುಂದ್ರಮ್ಮನ ಕೈ ಸೇರಿತು.

ಮಾರನೇ ದಿನ ರಿಪೇರಿಯವನನ್ನು ಕರೆತಂದದ್ದು ಶಾಂತಮಲ್ಲಪ್ಪನವರೇ. ಫ್ರಿಜ್ಜು ಮತ್ತೆ ಸಾಧುವಾಯಿತು. ಆದರೆ ಒಳಗೆ ಹಾಲು, ಮೊಸರು, ಸೊಪ್ಪು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹಾಲುಬಾಯಿ ಗೋಡೆಯಾಚೆ ಸುಂದ್ರಮ್ಮನ ಮನೆಗೆ ಬಿಡಾರ ಬದಲಿಸಿತ್ತು.

ತಾತನ ಎಡೆ ಮಾತ್ರ ನಿಲ್ಲಲಿಲ್ಲ. ಶಾಂತಮಲ್ಲಪ್ಪನವರೇ ಇಕ್ಕು ಅಂದದ್ದಲ್ಲವೇ? ಪ್ರತಿ ಸೋಮವಾರ ಹಾವುಗೆಯ ಮುಂದೆ ಬಾಳೆಲೆ, ಎಲೆಯ ತುಂಬ ಹಾಗಲಕಾಯಿ ಪಲ್ಯ. ತಾತಂಗೂ ಸಕ್ಕರೆ ಕಾಯಿಲೆ ಇತ್ತಂತೆ ಎನ್ನುವುದು ಪುಟ್ಟಬಸಮ್ಮನವರ ವಾದ. ಎಡೆ ಎತ್ತಿದ ಮೇಲೆ ಅದು ಪ್ರಸಾದ. ಪ್ರಸಾದವನ್ನು ಮನೆಯ ಹಿರಿಯರೇ ಮೊದಲು ತಿನ್ನಬೇಕು, ಎಲೆಯಲ್ಲಿ ಬಿಡಕೂಡದು. ಆ ಕಾನೂನೂ ಶಾಂತಮಲ್ಲಪ್ಪನವರದೇ.

ಅವರು ಕಣ್ಣು ಮುಚ್ಚಿ ನುಂಗುವಾಗ ಪುಟ್ಟಬಸಮ್ಮ ಮಣೆಯ ಮೇಲೆ ಎದುರಿಗೆ ಕೂತು, ಸೌಟು ಹಿಡಿದು ಕೇಳುತ್ತಿದ್ದರು:

"ತಾತಂಗೆ ಇನ್ನೊಂಚೂರು ಇಕ್ಲಾ?"